ಶಬ್ದ ಮಾಡದ ಬೆಂಕಿ

ಅಂಗಡಿಯಲ್ಲಿ ಅವನಿಗೆ ಬೆಂಕಿ ಮೇಷ್ಟ್ರು ಎಂದೇ ಹೆಸರು. ಗೃಹೋಪಕರಣಗಳ ಆ ದೊಡ್ಡ ಮಳಿಗೆಯಲ್ಲಿ ವಿದ್ಯುತ್ ಅಗ್ಗಿಷ್ಟಿಕೆಗಳ ಮೂಲೆ ಅವನದು. ಹನ್ನೊಂದು ಚಳಿಗಾಲ ಅಲ್ಲೇ ನಿಂತು ಬಂದವರಿಗೆಲ್ಲ ಪಾಠ ಒಪ್ಪಿಸಿದ್ದ: ಮೊದಲು ಕೋಣೆಯ ಉದ್ದಗಲ ಅಳೆದುಕೊಂಡು ಬನ್ನಿ, ಗೋಡೆಗೆ ಹಾಕುವುದು ಬೇಕೋ ನೆಲದ ಮೇಲೆ ನಿಲ್ಲುವುದು ಬೇಕೋ ಯೋಚಿಸಿ, ಎಕ್ಸ್‌ಟೆನ್ಷನ್ ವೈರಿಗೆ ಮಾತ್ರ ಸಿಕ್ಕಿಸಬೇಡಿ, ಪರದೆಯಿಂದ ಮೂರಡಿ ದೂರವಿರಲಿ. ಕೊನೆಗೆ ದನಿ ತಗ್ಗಿಸಿ, "ಶಬ್ದವೇ ಇಲ್ಲ, ನೋಡಿ" ಎನ್ನುತ್ತಿದ್ದ. ಈ ಮಾತಿಗೆ ಮರುಳಾಗದ ಗಿರಾಕಿಗಳು ಕಡಿಮೆ. ಹೇಳಿ ಹೇಳಿ ಅವನೂ ಮರುಳಾಗಿದ್ದ.

ಅವನ ಮನೆಯಲ್ಲಿ ಮಾತ್ರ ಅಗ್ಗಿಷ್ಟಿಕೆ ಇರಲಿಲ್ಲ. ಚಳಿ ಜೋರಾದರೆ ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು ಪೇಪರು ಓದುತ್ತ ಕೂರುತ್ತಿದ್ದ. ಊರಿಗೆಲ್ಲ ಬೆಂಕಿ ಹಂಚುವ ಗಂಡನ ಈ ಅವತಾರವನ್ನು ಹೆಂಡತಿ ನೋಡಿಕೊಂಡೇ ಓಡಾಡುತ್ತಿದ್ದಳು. ಅವಳು ಏನಾದರೂ ಹೇಳಿದ್ದರೇ ವಾಸಿಯಿತ್ತು.

ಆ ವರ್ಷ ಚಳಿ ಕಾಲಿಡುವ ಹೊತ್ತಿಗೆ ದೊಡ್ಡಮ್ಮ ಬರುತ್ತೇನೆಂದರು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವರು ಅವರು. ಸಂಜೆ ಏಳಾಯಿತೆಂದರೆ ಮಂಚದ ತುದಿಯಲ್ಲಿ ಕುಳಿತು, ಪುಸ್ತಕದ ಹಂಗಿಲ್ಲದೆ, ದೇವರ ಪದ್ಯಗಳನ್ನು ರಾಗವಾಗಿ ಹೇಳುವುದು ಅವರ ರೂಢಿ. ಅವನ ಬಾಲ್ಯವೆಲ್ಲ ಆ ಮಂಚದ ಕಾಲಿಗೆ ಒರಗಿಕೊಂಡೇ ಕಳೆದಿತ್ತು. ಸ್ವತಃ ಹೇಳು ಎಂದರೆ ಒಂದು ಪದ್ಯವೂ ನಾಲಿಗೆಗೆ ಬಾರದು. ಆದರೆ ದೊಡ್ಡಮ್ಮ ಒಂದು ಸಾಲು ಬಿಟ್ಟರೆ ಅವನ ತಲೆ ತಾನಾಗಿ ಮೇಲೇಳುತ್ತಿತ್ತು. ಅವನಲ್ಲಿದ್ದ ವಿದ್ಯೆ ಅದೊಂದೇ.

ಈಗ ಅವರ ದನಿ ಇಳಿದಿತ್ತು. ಚಳಿಗೆ ಎದೆ ಕಟ್ಟುತ್ತಿತ್ತು. "ಒಂದು ವಾರ ನೋಡ್ತೀನಪ್ಪ. ಮೈಗೆ ಒಗ್ಗಿದ್ರೆ ಇರ್ತೀನಿ, ಇಲ್ಲಾಂದ್ರೆ ಮಗಳ ಮನೆಗೆ ಹೋಗ್ತೀನಿ" ಎಂದು ಫೋನಿನಲ್ಲೇ ಹೇಳಿದ್ದರು. ಮಗಳ ಮನೆ ಎರಡು ದಿನದ ದಾರಿ. ಅತ್ತ ಹೋದರೆ ಆ ದನಿಯನ್ನು ಮತ್ತೆ ಕೇಳುವುದುಂಟೋ ಇಲ್ಲವೋ.

ಮೇಷ್ಟ್ರು ತನ್ನ ಪಾಠವನ್ನೆಲ್ಲ ತನ್ನ ಮೇಲೇ ಪ್ರಯೋಗಿಸಿದ. ಟೇಪಿನ ಒಂದು ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು ದೊಡ್ಡಮ್ಮನ ಕೋಣೆಯನ್ನು ಮೂರು ಸಲ ಅಳೆದ. ಪ್ಲಗ್ ಪಾಯಿಂಟು ಪರೀಕ್ಷಿಸಿದ. ಪರದೆಯನ್ನು ಮೇಲೆತ್ತಿ ಕಟ್ಟಿದ. ಆಮೇಲೆ ತನ್ನ ಮೂಲೆಯ ರಾಣಿಯನ್ನೇ ಮನೆಗೆ ತಂದ: ಐದು ಬಣ್ಣದ, ಬರೀ ಬೆಳಕಿನ ಜ್ವಾಲೆ, ಕೆಂಡದ ಹಾಗೆ ಹೊಳೆಯುವ ಕೊರಡುಗಳು, ರಿಮೋಟು ಬೇರೆ.

ದೊಡ್ಡಮ್ಮ ಬಂದ ಸಂಜೆ ಏಳಕ್ಕೆ ಸರಿಯಾಗಿ ಜ್ವಾಲೆಯ ಗುಂಡಿ ಒತ್ತಿದ. ಕೋಣೆ ಕೆಂಪಾಯಿತು. ದೊಡ್ಡಮ್ಮ ಕೈಮುಗಿದೇ ಬಿಟ್ಟರು. ಹಿಗ್ಗಿನಲ್ಲಿ ಶಾಖದ ಗುಂಡಿಯನ್ನೂ ಒತ್ತಿದ.

ಒಳಗಿನ ಫ್ಯಾನು ಗುರ್ರ್ ಎಂದು ಎದ್ದಿತು. ದೊಡ್ಡಮ್ಮ ಮೊದಲ ಪದ್ಯವನ್ನು ದನಿಯೇರಿಸಿ ಹೇಳಿದರು, ಎರಡನೆಯದರ ನಡುವೆ ಕೆಮ್ಮು ಬಂತು, ಅಲ್ಲಿಗೇ ನಿಲ್ಲಿಸಿದರು.

"ಇದ್ಯಾರಪ್ಪ, ನನಗಿಂತ ಜೋರಾಗಿ ಹೇಳ್ತಿರೋರು?"

ಹೆಂಡತಿ ಅವನ ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದಳು: "ಶಬ್ದವೇ ಇಲ್ಲ, ನೋಡಿ."

ಆಗ ಅವನಿಗೆ ಹೊಳೆಯಿತು. ಅಂಗಡಿಯಲ್ಲಿ ಕರೆಂಟು ಉಳಿಸಲು ಜ್ವಾಲೆಯನ್ನಷ್ಟೇ ಹಚ್ಚಿಡುವುದು ಮಾಲೀಕರ ಕಟ್ಟಪ್ಪಣೆ. ಜೊತೆಗೆ ಬೆಳಗಿನಿಂದ ಸಂಜೆಯವರೆಗೆ ಸ್ಪೀಕರಿನಲ್ಲಿ ಹಾಡು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಅಗ್ಗಿಷ್ಟಿಕೆ ನಿಜವಾಗಿ ಬಿಸಿಯಾಗುವುದನ್ನು ಅವನು ಕೇಳಿರಲೇ ಇಲ್ಲ. ಕೇಳುವುದೊಂದೇ ತನಗೆ ಬರುವ ವಿದ್ಯೆ ಎಂದು ಬೀಗುತ್ತಿದ್ದ ಮಹಾಶಯ ಇವನು.

ಮುಂದಿನ ಮೂರು ಸಂಜೆ ಏಳಕ್ಕೆ ಫ್ಯಾನು ನಿಲ್ಲಿಸಿ ನೋಡಿದ. ಅರ್ಧ ಗಂಟೆಯಲ್ಲಿ ಕೋಣೆ ತಣ್ಣಗಾಗಿ ಕೆಮ್ಮು ಶುರುವಾಗುತ್ತಿತ್ತು. ದೊಡ್ಡಮ್ಮನ ಪೆಟ್ಟಿಗೆ ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು; ಬೇಕಾದ ಸೀರೆಯನ್ನಷ್ಟೇ ತೆಗೆದು ಮತ್ತೆ ಚಿಲಕ ಹಾಕುತ್ತಿದ್ದರು. ಆ ಚಿಲಕದ ಸದ್ದು ಮಾತ್ರ ಫ್ಯಾನಿನ ನಡುವೆಯೂ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಐದನೆಯ ದಿನ ಅಂಗಡಿ ತೆರೆಯುವ ಮೊದಲೇ ಹೋದ. ಸ್ಪೀಕರ್ ಆರಿಸಿ, ಒಂದೊಂದೇ ಅಗ್ಗಿಷ್ಟಿಕೆಗೆ ಶಾಖ ಕೊಟ್ಟು, ಕುಕ್ಕರುಗಾಲಿನಲ್ಲಿ ಕುಳಿತು ಕಿವಿಯಿಟ್ಟ. ಒಂದು ಗೊರಕೆ ಹೊಡೆಯಿತು, ಒಂದು ಹಲ್ಲು ಕಡಿಯಿತು, ಅತಿ ದುಬಾರಿಯದು ಶಿಳ್ಳೆ ಹಾಕಿತು. ಒಳಗೆ ಬಂದ ಮಾಲೀಕರು ಇದನ್ನು ನೋಡಿ ಕೇಳಿದರು: "ಏನ್ ಮೇಷ್ಟ್ರೇ, ಯಾವುದಕ್ಕಾದರೂ ಇನ್ನೂ ಜೀವ ಇದೆಯಾ?"

ಉಳಿದದ್ದು ಗೋಡೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಒಳಗೆ ತುಂಬಿದ ಎಣ್ಣೆಯನ್ನು ಕರೆಂಟಿನಲ್ಲಿ ಕಾಯಿಸುವ ಒಂದು ಎಣ್ಣೆ ಹೀಟರು. ಫ್ಯಾನಿಲ್ಲ, ಜ್ವಾಲೆಯಿಲ್ಲ, ಬಿಳಿ ಪಕ್ಕೆಲುಬುಗಳ ಒಂದು ಗೂಡು. ಆಸ್ಪತ್ರೆ ಸಾಮಾನಿನ ಹಾಗಿದೆ ಎಂದು ಅದರಿಂದ ಗಿರಾಕಿಗಳನ್ನು ತಿರುಗಿಸಿ ಕಳಿಸಿದವನು ಅವನೇ. ಹಚ್ಚಿದ. ಮೊದಲಿಗೆ ಒಂದೆರಡು ಸಲ ಟಕ್ ಎಂದಿತು. ಆಮೇಲೆ ಅರ್ಧ ಗಂಟೆ ಅದರ ಪಕ್ಕದಲ್ಲಿ ಕುಳಿತ. ಬೆನ್ನು ಬೆಚ್ಚಗಾಯಿತು, ಕಿವಿಗೆ ಏನೂ ಬೀಳಲಿಲ್ಲ.

ಅದು ನಿಧಾನದ ಗಿರಾಕಿ; ಆದ್ದರಿಂದ ಆ ಸಂಜೆ ಮನೆಗೆ ತಂದು ಐದಕ್ಕೇ ಹಚ್ಚಿಟ್ಟ. ರಾಣಿಯನ್ನೂ ಎದುರಿಗೆ ಕೂರಿಸಿದ, ಬರೀ ಜ್ವಾಲೆಗೆ. ಏಳಕ್ಕೆ ದೊಡ್ಡಮ್ಮ ಸಣ್ಣ ದನಿಯಲ್ಲಿ ಶುರುಮಾಡಿದರು. ಅವನು ಮಂಚದ ಕಾಲಿಗೆ ಒರಗಿದ. ಮೂರನೆಯ ಪದ್ಯದಲ್ಲಿ ಅವನ ತಲೆ ತಾನಾಗಿ ಮೇಲೆದ್ದಿತು. ಅದನ್ನು ನೋಡಿ ದೊಡ್ಡಮ್ಮ ನಿಲ್ಲಿಸಿದರು.

"ಬಿಟ್ಟೆನೇನೋ?"

"ಒಂದು ಸಾಲು, ದೊಡ್ಡಮ್ಮ."

ಅವರು ಹಿಂದಕ್ಕೆ ಹೋಗಿ ಆ ಸಾಲನ್ನು ಸೇರಿಸಿಕೊಂಡು ಕೊನೆಯವರೆಗೆ ಹೇಳಿದರು. ಕೆಮ್ಮು ಬರಲಿಲ್ಲ. ಮುಗಿದ ಮೇಲೆ ಎಣ್ಣೆ ಹೀಟರಿನ ಕಡೆ ಬೆರಳು ತೋರಿಸಿ, "ಇದು ನಿನ್ನ ಹಾಗೇ ಕಣೋ. ನೋಡೋಕೆ ಏನೂ ಇಲ್ಲ, ಬಿಸಿಯಾಗೋದೂ ತಡ. ಆದ್ರೆ ಬಾಯಿ ಮುಚ್ಕೊಂಡು ಕೇಳುತ್ತೆ" ಎಂದರು. ಹೆಂಡತಿ ಬಾಗಿಲಲ್ಲೇ ನಿಂತು ಹೌದೆಂದು ಎರಡು ಸಲ ತಲೆಯಾಡಿಸಿದಳು.

"ನನ್ನ ಪೆಟ್ಟಿಗೆ ದಾರಿಗೆ ಅಡ್ಡ ಇದೆ ನೋಡು. ಮಂಚದ ಕೆಳಗೆ ತಳ್ಳು."

ಮೇಷ್ಟ್ರು ಮೊಣಕಾಲೂರಿ ತಳ್ಳಿದ. ಪೆಟ್ಟಿಗೆ ಅರ್ಧಕ್ಕೆ ಸಿಕ್ಕಿಕೊಂಡಿತು. ಕೋಣೆಯನ್ನು ಮೂರು ಸಲ ಅಳೆದವನು ಮಂಚದ ಅಡಿಯನ್ನು ಅಳೆದಿರಲಿಲ್ಲ. ಎಳೆದು ನೋಡಿದರೆ ಅದು ಹೊರಗೂ ಬರಲಿಲ್ಲ, ಅವನೂ ಹೆಚ್ಚು ಬಲ ಹಾಕಲಿಲ್ಲ.