ಯಾರಿಗೂ ಬೇಡದ ಪಾಠ

"ಇದನ್ನ ಕೇಳಿ: 'ಮೇಡಂ ಏನು ಕೇಳಿದ್ರೂ ಗೊತ್ತಿಲ್ಲ, ನೋಡ್ಕೊಂಡು ನಾಳೆ ಹೇಳ್ತೀನಿ ಅಂತಾರೆ.' ಇನ್ನೊಬ್ಬ ಬರೆದಿದಾನೆ, 'ನಮಗಿಂತ ಒಂದೇ ಪುಟ ಮುಂದಿದಾರೆ' ಅಂತ." ಪ್ರಿನ್ಸಿಪಾಲರು ವಿದ್ಯಾರ್ಥಿಗಳ ಅಭಿಪ್ರಾಯಗಳನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. "ನೀವು ವಿಭಾಗದ ಮುಖ್ಯಸ್ಥರು. ಏನಂತೀರಿ?"

ಅನ್ನಬೇಕಾದದ್ದು ಮುಖ್ಯಸ್ಥರ ನಾಲಿಗೆಯ ತುದಿಯಲ್ಲೇ ಇತ್ತು. ಹೊಸ ಪಠ್ಯಕ್ರಮದಲ್ಲಿ, ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರಿನ ಪಾಠ ಬಿದ್ದದ್ದು ಅವರ ಪಾಲಿಗೆ. ಪುಸ್ತಕ ತೆರೆದು ನೋಡಿದರೆ ಕಬ್ಬಿಣದ ಕಡಲೆ. ಈ ವಯಸ್ಸಿನಲ್ಲಿ ಹುಡುಗರೆದುರು ತಡವರಿಸುವುದೇ? ತರಗತಿ ಶುರುವಾಗುವ ಮುನ್ನಾದಿನ ಅದನ್ನು ಆಗಷ್ಟೇ ಸೇರಿದ್ದ ಈ ಉಪನ್ಯಾಸಕಿಯ ಕೈಗಿಟ್ಟು, "ನೀವು ಚಿಕ್ಕೋರು, ಬೇಗ ಕಲ್ತುಬಿಡ್ತೀರಿ" ಎಂದಿದ್ದರು. ಆಕೆ ಓದಿದ್ದು ಬೇರೆಯೇ ವಿಷಯ. ಆದರೂ ತಲೆಯಾಡಿಸಿದ್ದಳು. ತಾತ್ಕಾಲಿಕ ಕೆಲಸದವರು ಇನ್ನೇನು ಮಾಡಿಯಾರು?

"ಹೊಸಬರು ಸಾರ್..." ಎಂದಷ್ಟೇ ಹೇಳಿ ಅವರು ಚಹಾ ಲೋಟದತ್ತ ನೋಡಿದರು.

ಪ್ರಿನ್ಸಿಪಾಲರಿಗೆ ಅಷ್ಟು ಸಾಕಾಯಿತು. ವಾರ ಕಳೆಯುವುದರೊಳಗೆ ಆಕೆಯ ಕುರ್ಚಿ ಖಾಲಿಯಾಯಿತು. ಪಾಠ ಮಾತ್ರ ಸುತ್ತಿ ಸುತ್ತಿ ಮುಖ್ಯಸ್ಥರ ಕೊರಳಿಗೇ ಬಂದು ಬಿತ್ತು.

ಮೊದಲ ದಿನವೇ ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಎದ್ದು ನಿಂತಳು. "ಸಾರ್, ಪ್ರೋಗ್ರಾಮಿನಲ್ಲಿ ಒಂದು ತಪ್ಪು ಸಿಕ್ಕಿದ ಮೇಲೂ ಕಂಪೈಲರ್ ಅಲ್ಲಿಗೇ ನಿಲ್ಲಲ್ಲ, ಮುಂದಿನ ತಪ್ಪುಗಳನ್ನೂ ತೋರಿಸುತ್ತೆ. ಅದು ಹೇಗೆ?"

ಮುಖ್ಯಸ್ಥರಿಗೆ ಗೊತ್ತಿರಲಿಲ್ಲ. ಆದರೆ ಆ ಮಾತು ಬಾಯಿಂದ ಹೊರಡಲಿಲ್ಲ. "ಅದೇನು ಬ್ರಹ್ಮವಿದ್ಯೆ ಅಲ್ಲಮ್ಮ. ಮತ್ತೆ ಮೊದಲಿಂದ ಓದುತ್ತೆ, ಅಷ್ಟೇ" ಎಂದರು, ಗಟ್ಟಿ ದನಿಯಲ್ಲಿ. ಅರವತ್ತು ತಲೆಗಳೂ ಬಗ್ಗಿ ಅದನ್ನು ಬರೆದುಕೊಂಡವು. ಯಾರೂ ಅನುಮಾನಿಸಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲೂ ಮನಸ್ಸಾಗದೆ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು, ಕೆಲಸ ಕಳೆದುಕೊಂಡ ಉಪನ್ಯಾಸಕಿಗೆ ಫೋನು ಮಾಡಿದರು.

"ಸಾರ್, ನೀವಾ!" ಆಕೆಯ ದನಿಯಲ್ಲಿ ಸಂತೋಷವಿತ್ತು. "ಅತ್ತೇ, ಪಾಪುನ ಸ್ವಲ್ಪ ಎತ್ಕೊಳ್ಳಿ... ಹೇಳಿ ಸಾರ್. ನಾನೇ ಮಾಡ್ಬೇಕು ಅಂತಿದ್ದೆ. ಮೀಟಿಂಗಲ್ಲಿ ನೀವು ನನ್ನ ಪರವಾಗಿ ಮಾತಾಡಿರ್ತೀರಿ ಅಂತ ಗೊತ್ತು. ಪಾಠ ಕೊಟ್ಟೋರೇ ನೀವಲ್ವಾ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೂ ಇದ್ದರು.

"ಇಲ್ಲಮ್ಮ," ಎಂದರು. "ನಾನು ತುಟಿ ಬಿಚ್ಚಲಿಲ್ಲ. ಅದು ನನ್ನ ಪಾಠ, ನನಗೆ ಬರಲ್ಲ ಅಂತಲೇ ನಿಮ್ಮ ತಲೆಗೆ ಕಟ್ಟಿದ್ದೆ. ಅದನ್ನೂ ಹೇಳಲಿಲ್ಲ."

ಆ ಕಡೆ ಮಗು ಒಂದೇ ಸಮನೆ ಅಳುತ್ತಿತ್ತು. ಆಮೇಲೆ ಆಕೆಯ ದನಿ ಬಂತು. ಮೊದಲಿನ ಸಂತೋಷ ಅದರಲ್ಲಿರಲಿಲ್ಲ.

"ಈಗ ಯಾಕೆ ಫೋನ್ ಮಾಡಿದ್ರಿ?"

ಅವರು ಹುಡುಗಿಯ ಪ್ರಶ್ನೆಯನ್ನೂ ತಾವು ಕೊಟ್ಟ ಉತ್ತರವನ್ನೂ ಹೇಳಿದರು.

"ಅಯ್ಯೋ, ಅದು ತಪ್ಪು ಸಾರ್. ಮಕ್ಕಳು ಬರ್ಕೊಂಡ್ಬಿಟ್ರಾ?" ಎಂದಳು. ಆಮೇಲೆ ಬಿಡಿಸಿ ಬಿಡಿಸಿ ಹೇಳತೊಡಗಿದಳು. "ತಪ್ಪು ಸಿಕ್ಕ ಕಡೆಯಿಂದ ಒಂದೊಂದೇ ಪದ ಬಿಟ್ಕೊಂಡು ಮುಂದಕ್ಕೆ ಹೋಗುತ್ತೆ. ಆ ವಾಕ್ಯ ಮುಗಿಯೋ ಗುರುತು ಸಿಕ್ಕಿತು ಅನ್ನಿ, ಅಲ್ಲಿಂದ ಹೊಸದಾಗಿ ಶುರು. ಹಾಗೆ ಬಿಡೋವಾಗ ಮಧ್ಯದಲ್ಲಿ ಇನ್ನೂ ಕೆಲವು ತಪ್ಪು ಕಣ್ತಪ್ಪಿ ಹೋಗಬಹುದು. ಗೊತ್ತಾಯ್ತಾ?"

"ಗೊತ್ತಾಯ್ತು."

"ಎಲ್ಲಿ, ಈಗ ನೀವು ಹೇಳಿ ನೋಡೋಣ."

ಮುಖ್ಯಸ್ಥರು ತಮಗರಿವಿಲ್ಲದೆಯೇ ಕುರ್ಚಿಯಿಂದ ಎದ್ದು, ಮುಚ್ಚಿದ ಬಾಗಿಲಿಗೆ ಎದುರಾಗಿ ನಿಂತು, ಕೈ ಕಟ್ಟಿಕೊಳ್ಳಲು ಹೋಗಿ, ಒಂದು ಕೈಯಲ್ಲಿ ಫೋನು ಇದ್ದುದರಿಂದ ಇನ್ನೊಂದನ್ನಷ್ಟೇ ಎದೆಗೆ ಒತ್ತಿಕೊಂಡು, ಹೇಳಲು ಶುರು ಮಾಡಿದರು.