ತಗಡಿನ ಮನೆಗೆ ಕುರಿಯ ಉಣ್ಣೆ

ಸಿದ್ದಾಪುರದ ಜುಂಜಮ್ಮನ ಮನೆಗೆ ತಗಡಿನ ಸೂರು. ಬೇಸಿಗೆ ಬಂತೆಂದರೆ ಮಧ್ಯಾಹ್ನ ಒಳಗೆ ಕೂರಲಾಗದು. ಈ ಸಲ ಮಗಳು ಮಾಲತಿ ಬಾಣಂತನಕ್ಕೆ ಬಂದಿದ್ದಳು. ತಿಂಗಳ ಕೂಸಿನ ಮೈತುಂಬ ಬೆವರುಸಾಲೆ. ಎಷ್ಟು ಬೀಸಿದರೂ ಅಳು ನಿಲ್ಲದು.

ಜುಂಜಮ್ಮನ ಗಂಡ, ಕುರಿ ಸಾಕುವ ಪಾತಣ್ಣ, ಚಳ್ಳಕೆರೆಗೆ ಹೋಗಿ, ಕೆಡವುತ್ತಿದ್ದ ಗೋದಾಮೊಂದರಿಂದ ಶಾಖ ತಡೆಯಲು ಹಾಕಿದ್ದ ಹಳೆಯ ಗಾಜಿನ ಉಣ್ಣೆಯ ಸುರುಳಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ. ತಗಡಿನ ಕೆಳಗೆ ಬಡಿದರೆ ಮನೆ ತಣ್ಣಗಾಗುತ್ತದೆಂದು ಯಾರೋ ಹೇಳಿದ್ದರು. ಒಂದು ಸುರುಳಿ ಬಿಚ್ಚುವಷ್ಟರಲ್ಲಿ ಕೈಯೆಲ್ಲ ಕೆರೆತ.

ಆಗಲೇ ಆಶಾ ಕಾರ್ಯಕರ್ತೆ ಶಾಂತಕುಮಾರಿ ಕೂಸಿನ ತೂಕ ನೋಡಲು ಬಂದರು. ಸುರುಳಿ ಕಂಡದ್ದೇ ಕೂಸನ್ನು ಎತ್ತಿಕೊಂಡು ಹೊರಗಿನ ನೆರಳಿಗೆ ನಡೆದರು.

"ಪಾತಣ್ಣ, ಇವು ಗಾಜಿನ ಎಳೆ. ಮೇಲಿನ ಹೊದಿಕೆ ಹರಿದುಹೋಗೈತೆ ನೋಡ್ರಿ. ಪುಡಿ ಉದುರಿ ಕೂಸಿನ ಕಣ್ಣಿಗೆ, ಮೂಗಿಗೆ ಹೋದ್ರೆ?"

"ಮತ್ತೇನ್ ಮಾಡ್ಲಿ ತಾಯಿ? ಹಿಂಗೇ ಬೇಯಾನಾ?"

"ನಿಮ್ ಕುರಿ ಉಣ್ಣೆ ಎಲ್ಲೈತೆ?"

"ಕೇಳೋರಿಲ್ಲ. ಬೇಲಿ ಪಕ್ಕ ಸುರಿದೀನಿ."

"ಅದನ್ನೇ ಸೂರಿಗೆ ಹಾಕ್ರಿ."

ಪಾತಣ್ಣ ನಕ್ಕುಬಿಟ್ಟ. "ಸೆಕೆಗೆ ಸಾಯ್ತಿದ್ರೆ ಉಣ್ಣೆ ಹೊದಿಸು ಅಂತಾಳಲ್ಲೇ, ಜುಂಜಿ!"

ಜುಂಜಮ್ಮ ನಗಲಿಲ್ಲ. "ಉರಿಬಿಸಿಲಾಗೆ ಕುರಿ ಹಿಂದೆ ಹೋಗಾವಾಗ ತಲೆ ಮೇಲೆ ಕಂಬಳಿ ಯಾಕ್ ಹಾಕ್ಕೊಂತೀಯಾ ಮತ್ತೆ? ಚೆಂದ ಕಾಣ್ಲಿ ಅಂತಾನಾ?"

ಎಷ್ಟೋ ದಿನದ ಮೇಲೆ ಮಾಲತಿ ನಕ್ಕಳು.

"ಬಿಸ್ಲು ತಲೆಗೆ ಇಳೀಬಾರ್ದು ಅಂತ..." ಎಂದವನು ಅಲ್ಲೇ ತಡೆದು ಸೂರಿನತ್ತ ನೋಡಿದ.

"ಅಷ್ಟೇ ಕಣಣ್ಣ. ಉಣ್ಣೆ ಶಾಖ ದಾಟಕ್ಕೆ ಬಿಡಲ್ಲ," ಎಂದರು ಶಾಂತಕುಮಾರಿ. "ಮೊದ್ಲು ತಗಡಿನ ತೂತು ಮುಚ್ರಿ. ಉಣ್ಣೆ ಜಿಡ್ಡು ಹೋಗಂಗೆ ತೊಳೆದು ಪೂರ್ತಿ ಒಣಗಿಸ್ರಿ. ಹುಳ ಬೀಳದಂಗೆ ಒಣಬೇವಿನ ಎಲೆ ಸೇರಿಸ್ರಿ. ತಗಡಿನ ಕೆಳಗೆ ಬಿದಿರು ತಟ್ಟಿ ಕಟ್ಟಿ ಅದರ ಮೇಲೆ ದಪ್ಪಗೆ ಹರಡ್ರಿ. ಒಲೆ, ಕರೆಂಟು ವೈರಿನ ಹತ್ರ ಮಾತ್ರ ಬ್ಯಾಡ. ತಗಡಿನ ಹೊರಗೆ ಸುಣ್ಣ ಬಳೀರಿ."

ಪಾತಣ್ಣ ಮೂಗಿಗೆ ಬಟ್ಟೆ ಕಟ್ಟಿ, ಸುರುಳಿಗಳನ್ನು ತಾಡಪಾಲಿನಲ್ಲಿ ಸುತ್ತಿ ಗೋದಾಮಿಗೇ ಮರಳಿಸಿದ. ಪಕ್ಕದ ಮನೆಯ ಸೂರಮ್ಮ ಕರೆಯದೆಯೇ ಅಂಟುವಾಳಕಾಯಿ ತಂದು ಮೂರು ದಿನ ಉಣ್ಣೆ ತೊಳೆದುಕೊಟ್ಟಳು.

ಹದಿನೈದು ದಿನದಲ್ಲಿ ಉಣ್ಣೆ ಒಣಗಿ ತಟ್ಟಿಯ ಮೇಲೇರಿತು, ತಗಡಿಗೆ ಸುಣ್ಣವೂ ಆಯಿತು. ಒಂದು ಮಧ್ಯಾಹ್ನ ಹೊಲದಿಂದ ಬಂದ ಜುಂಜಮ್ಮನಿಗೆ ಕೂಸಿನ ಅಳು ಕೇಳಿಸಲಿಲ್ಲ. ಒಳಗೆ ಓಡಿದಳು. ಪಾತಣ್ಣ ಬಾಯಿ ಮೇಲೆ ಬೆರಳಿಟ್ಟ.

"ಮೆಲ್ಲಕೆ ಬಾರೇ. ಕೂಸು ಮಲಗೈತೆ."

ಮನೆಯೇನೂ ಚಳಿ ಹಿಡಿಸುವಷ್ಟು ತಂಪಾಗಿರಲಿಲ್ಲ. ಕೂಸು ಮಾತ್ರ ಮುಷ್ಟಿ ಸಡಿಲಿಸಿ ನಿದ್ದೆಹೋಗಿತ್ತು.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮದೂ ತಗಡಿನ ಮನೆಯೇ? ಪುಕ್ಕಟೆ ಸಿಕ್ಕಿತೆಂದು ಕಂಡದ್ದನ್ನೆಲ್ಲ ಸೂರಿಗೆ ತುಂಬಬೇಡಿ. ಬೇಲಿಗೆ ಸುರಿಯುವ ಉಣ್ಣೆ ಮನೆಯ ಉಪಯೋಗಕ್ಕೆ ಬಂದೀತು, ತಿಳಿದವರನ್ನು ಕೇಳಿ. ಏನೇ ಹಾಕುವ ಮುನ್ನ ಒಂದು ಮಾತು ಯೋಚಿಸಿ: ಇದರ ಕೆಳಗೆ ನಮ್ಮ ಕೂಸನ್ನು ನಿಶ್ಚಿಂತೆಯಿಂದ ಮಲಗಿಸಬಹುದೇ?