ಅಕ್ಕನ ಪ್ರಬಂಧದಲ್ಲಿ ನನ್ನ ಅಮ್ಮ

ಅಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. "ಇನ್ನು ನಿನ್ನ ಪ್ರಬಂಧಗಳಿಗೆ ನನ್ನನ್ನು ಎಳೀಬೇಡ" ಎಂದಿದ್ದೆ. ಅಮ್ಮನ ಕೊನೆಯ ದಿನಗಳ ಬಗ್ಗೆ ಅವಳು ಭಾನುವಾರದ ಪುರವಣಿಯಲ್ಲಿ ಬರೆದದ್ದರಲ್ಲಿ ನಾನು ಎಲ್ಲೂ ಇರಲಿಲ್ಲ. ನಾನು ಇದ್ದ ಕಡೆಯಲ್ಲೆಲ್ಲ ಅವಳಿದ್ದಳು.

ಪ್ರಬಂಧದಲ್ಲಿ ಅಮ್ಮನ ಸಿಕ್ಕುಗೂದಲಿಗೆ ಎಣ್ಣೆ ಹಚ್ಚಿ ಬಿಡಿಸಿದವಳು ಅವಳು. ಬಚ್ಚಲಿನಲ್ಲಿ ಅಮ್ಮ ಜಾರದಂತೆ ಸೊಂಟ ಹಿಡಿದು ನಿಂತವಳೂ ಅವಳೇ. ನೆನಪು ಪೂರ್ತಿ ಅಳಿಸಿಹೋಗಿದ್ದ ಅಮ್ಮ ಒಂದು ಬೆಳಿಗ್ಗೆ, ಗುರುತಿಲ್ಲದವರನ್ನು ಮಾತಾಡಿಸುವಂತೆ, "ನಿಮಗೆ ತಾಯಿ ಇದ್ದಾರೇನಮ್ಮಾ?" ಎಂದು ಕೇಳಿದ್ದೂ ಅವಳನ್ನು. ಆ ಬೆಳಿಗ್ಗೆ ಅಕ್ಕ ಬೇರೆ ಊರಿನಲ್ಲಿ ಯಾವುದೋ ವೇದಿಕೆಯ ಮೇಲಿದ್ದಳು. ಸಂಜೆ ಫೋನಿನಲ್ಲಿ ನಾನೇ ಅಳುತ್ತಾ ಹೇಳಿದ್ದೆ. ಆ ಕಡೆಯಿಂದ ಬರೀ 'ಹ್ಞೂಂ' ಬರುತ್ತಿತ್ತು. ಅವಳೂ ಅಳುತ್ತಿದ್ದಾಳೆ ಎಂದುಕೊಂಡೆ. ಬರೆದುಕೊಳ್ಳುತ್ತಿದ್ದಳೋ ಏನೋ.

ಜಗಳಕ್ಕೆ ನಿಂತಾಗ, "ನಿನ್ನನ್ನು ಹಾಕಬೇಡ ಅಂದೆ, ಹಾಕಲಿಲ್ಲ. ಅಮ್ಮ ನನಗೂ ಅಮ್ಮನೇ ತಾನೆ? ಎಲ್ಲದಕ್ಕೂ ಮೂಗು ಮುರಿಯೋದೇ ಆಯ್ತು ನಿಂದು" ಎಂದಳು.

ಪ್ರಬಂಧಗಳು ಪುಸ್ತಕವಾಗುವುದರಲ್ಲಿದ್ದವು. ಅಷ್ಟರೊಳಗೆ ಆ ಬೆಳಗನ್ನಾದರೂ ಅವಳ ಕೈಯಿಂದ ಬಿಡಿಸಿಕೊಳ್ಳಬೇಕೆಂದು ಅವಳ ಬರವಣಿಗೆ ಕಮ್ಮಟಕ್ಕೆ ಹೋದೆ. ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ಎಲ್ಲಿ ಹೋದರೂ ನಾನು ಕೂರುವುದು ಅಲ್ಲೇ. ಅಕ್ಕ ನೋಡಿದಳು. ತಂಗಿ ಎಂದು ಯಾರಿಗೂ ಹೇಳಲಿಲ್ಲ.

"ನೀವೇ ಅನುಭವಿಸಿದ್ದನ್ನು ಮಾತ್ರ ಬರೀರಿ. ಯಾರೋ ಹೇಳಿದ್ದು ಬೇಡ. ಒಂದು ಪ್ಯಾರಾ ಸಾಕು," ಎಂದಳು ಎಲ್ಲರಿಗೂ.

ನಾನೂ ಬರೆದೆ. ಸರದಿ ಬಂದಾಗ ಎದ್ದು ಓದಿದೆ: ಎಣ್ಣೆ, ಬಾಚಣಿಗೆ, ಅಮ್ಮನ ಪ್ರಶ್ನೆ. ತಲೆಯೆತ್ತಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಇದು ಮೇಡಂ ಬರೆದದ್ದಲ್ವಾ?" ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ತಿರುಗಿ ಕೇಳಿದರು. "ಹಾಡಹಗಲೇ ಎತ್ತಿಬಿಟ್ರೆ ಹೇಗಮ್ಮಾ? ಅದೂ ಅವರ ಎದುರಿಗೇ!"

ನಗು ಎದ್ದಿತು. ನಾನು ಅಕ್ಕನನ್ನೇ ನೋಡಿದೆ. ಅವಳ ಒಂದು ಮಾತು ಸಾಕಿತ್ತು.

"ಹೋಗಲಿ ಬಿಡಿ ಸರ್," ಎಂದಳು, ಮರುಕದಿಂದ. "ಶುರುವಿನಲ್ಲಿ ಎಲ್ಲರೂ ಇನ್ನೊಬ್ಬರದ್ದನ್ನು ನೋಡಿಯೇ ಬರೀತಾರೆ. ನೀವು ಕೂತ್ಕೊಳ್ಳಿ."

ಹುಟ್ಟಿದಂದಿನಿಂದ ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಹಿಂದಿನಿಂದ ಹುಡುಗಿಯೊಬ್ಬಳು ಕೈಯೆತ್ತಿದಳು. "ಮೇಡಂ, ಅಮ್ಮ ಹಾಗೆ ಕೇಳಿದಾಗ ನೀವೇನಂದ್ರಿ? ಪ್ರಬಂಧದಲ್ಲಿ ಅದಿಲ್ಲ."

ಅಕ್ಕ ನೀರಿನ ಬಾಟಲಿ ತೆರೆದಳು. ಕುಡಿಯುತ್ತಿದ್ದರೂ ಕಣ್ಣು ನನ್ನ ಮೇಲೆ. ಅದೊಂದನ್ನು ನಾನು ಫೋನಿನಲ್ಲಿ ಹೇಳಿರಲಿಲ್ಲ. ನಾನು ಪೆನ್ನಿಗೆ ಕ್ಯಾಪ್ ಹಾಕಿದೆ.

"ಕೆಲವು ಮಾತು ಬರೆಯೋದಕ್ಕಲ್ಲ," ಎಂದಳು ಕೊನೆಗೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಎಲ್ಲರೂ ಚಹಾಕ್ಕೆ ಎದ್ದಾಗ ಅಕ್ಕ ನನ್ನ ಮೊಣಕೈ ಹಿಡಿದು ಮೆಟ್ಟಿಲ ಬಳಿಗೆ ಎಳೆದಳು. "ನನ್ನ ಮಾನ ತೆಗೆಯೋಕೇ ಬಂದೆಯೇನೇ?" ಮರುಕ್ಷಣವೇ ದನಿ ತಗ್ಗಿತು. "ಇರಲಿ. ಏನಂದೆ ನೀನು? ಪುಸ್ತಕ ನಾಳಿದ್ದು ಅಚ್ಚಿಗೆ ಹೋಗುತ್ತೆ."

"ಆ ಬೆಳಗಿನದನ್ನು ತೆಗೆದುಬಿಡು ಅಕ್ಕ."

"ಪುಸ್ತಕ ನಿಂತಿರೋದೇ ಅದರ ಮೇಲೆ ಕಣೇ. ಹೇಳು."

ಹೆಬ್ಬೆರಳು ಆಗಲೇ ಫೋನಿನ ಮೇಲಿತ್ತು. ಅವಳಿಗೆ ಒಂದಕ್ಷರವೂ ತಪ್ಪದಂತೆ ನಿಧಾನವಾಗಿ ಹೇಳಿದೆ: "ಇದ್ದಾರಮ್ಮಾ, ನನ್ನ ಎದುರಿಗೇ ಕೂತಿದ್ದಾರೆ."

ಅಕ್ಕನ ಕಣ್ಣು ತುಂಬಿ ಬಂತು. "ಅಬ್ಬ, ಎಷ್ಟು ಚೆನ್ನಾಗಿದೆ" ಎನ್ನುತ್ತಾ ಬರೆದುಕೊಂಡಳು.

ನಾನು ಅಮ್ಮನಿಗೆ ಹೇಳಿದ್ದು ಅದಲ್ಲ.